ಈಗ ಮತ್ತೆ ಮೊದಲ ಸ್ನಾನ ನನ್ನದು

21 ಡಿಸೆಂಬರ್ 2024, ಶನಿವಾರ
ಕನಜಾವಾ, ಜಪಾನ್

ಇವತ್ತು ತೋಜಿ. ವರ್ಷದಲ್ಲೇ ಹಗಲು ತೀರಾ ಚಿಕ್ಕದಾಗಿರುವ ದಿನ. ಸಂಜೆ ಐದರೊಳಗೇ ಹೊರಗೆ ಕತ್ತಲು. ಈ ದಿನ ಯುಜು ಹಣ್ಣು ತೇಲಿಬಿಟ್ಟ ಬಿಸಿನೀರಿನಲ್ಲಿ ಕೂರಬೇಕು, ಸಿಹಿಗುಂಬಳ ತಿನ್ನಬೇಕು. ಹಾಗೆ ಮಾಡಿದರೆ ಚಳಿಗಾಲ ಮುಗಿಯುವ ತನಕ ನೆಗಡಿ ಹತ್ತಿರ ಬರುವುದಿಲ್ಲ ಅಂತ ಇಲ್ಲಿಯವರ ನಂಬಿಕೆ. ನಾನು ಉಳಿದುಕೊಂಡಿರುವ ಈ ಜಪಾನಿ ಮನೆಯಲ್ಲಿ ಬೆಳಿಗ್ಗೆಯಿಂದಲೂ ಸ್ನಾನದ್ದೇ ಮಾತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಒಬಾಚಾನ್, ಅಂದರೆ ಈ ಮನೆಯ ಅಜ್ಜಿ, ಅವರ ಅಕ್ಕ ವಾಜಿಮಾ ಊರಿನಿಂದ ಬರುವವರಿದ್ದರು.

ಬೆಳಿಗ್ಗೆ ಈ ಮನೆಯ ಅಮ್ಮ ಒಕಾಸಾನ್ ಜೊತೆ ಓಮಿಚೋ ಮಾರ್ಕೆಟ್ಟಿಗೆ ಹೋದೆ. ಸುಮಾರು 300 ವರ್ಷ ಹಳೆಯ ಮಾರ್ಕೆಟ್ಟು ಅದು. ವರ್ಷದ ಕೊನೆ ಹತ್ತಿರ ಬಂತಲ್ಲ, ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಏಡಿ. ಇಲ್ಲಿ ಏಡಿ ಹಿಡಿಯುವುದು ನವೆಂಬರ್ 6ಕ್ಕೆ ಶುರುವಾಗುತ್ತದೆ, ಹೆಣ್ಣೇಡಿಗೆ ಡಿಸೆಂಬರ್ 29ಕ್ಕೇ ಕೊನೆ. ಹಾಗಾಗಿ ಈ ವಾರ ಎಲ್ಲರಿಗೂ ಅವಸರ. ಪಕ್ಕದಲ್ಲೇ ಬುರಿ ಮೀನು. ಈ ಕರಾವಳಿಯಲ್ಲಿ ಚಳಿಗಾಲದಲ್ಲೇ ಗುಡುಗು ಸಿಡಿಲು ಜಾಸ್ತಿ. ಸೈಬೀರಿಯಾದ ಕೊರೆಯುವ ಗಾಳಿ ಜಪಾನ್ ಸಮುದ್ರದ ಬೆಚ್ಚಗಿನ ನೀರಿನ ಮೇಲೆ ಹಾದು ಬಂದು ಮೋಡ ಕಟ್ಟುತ್ತದೆ. ಆ ಗುಡುಗು ಕೇಳಿತೆಂದರೆ ಬುರಿ ಬಲೆಗೆ ಬೀಳುವ ಕಾಲ ಬಂತು ಅಂತ ಲೆಕ್ಕ. ಮದುವೆಯಾದ ಮೊದಲ ವರ್ಷದ ಕೊನೆಗೆ ಹೆಣ್ಣಿನ ತವರಿನವರು ಗಂಡನ ಮನೆಗೆ ಇಡೀ ಬುರಿ ಕಳಿಸುವ ಪದ್ಧತಿ ಈ ಕಡೆ ಇದೆ. ತಮ್ಮ ಮದುವೆಯ ವರ್ಷ ಬಂದ ಮೀನು ಎಷ್ಟುದ್ದ ಇತ್ತು ಅಂತ ಒಕಾಸಾನ್ ಅಂಗಡಿ ಮುಂದೆ ನಿಂತು ಕೈ ಅಗಲಿಸಿ ತೋರಿಸಿದರು.

ನಾವು ಕೊಂಡದ್ದು ಒಂದು ಚೀಲ ಯುಜು, ಸಿಹಿಗುಂಬಳ, ತಾವರೆ ಗಡ್ಡೆ, ಈ ಊರಿನ ಗೊರೋಜಿಮಾ ಗೆಣಸು. ಯುಜು ನಮ್ಮ ನಿಂಬೆಹಣ್ಣಿಗಿಂತ ದಪ್ಪ, ಸಿಪ್ಪೆ ಉಬ್ಬುತಗ್ಗು, ರಸ ಕಡಿಮೆ. ವಾಸನೆಯೆಲ್ಲ ಸಿಪ್ಪೆಯಲ್ಲೇ.

ನಾನು ಮೀನು ಮಾಂಸ ತಿನ್ನುವುದಿಲ್ಲ. ಜಪಾನಿನಲ್ಲಿ ಊಟಕ್ಕೆ ಏನು ಮಾಡ್ತೀಯ ಅಂತ ಊರಿನಿಂದ ತುಂಬ ಜನ ಕೇಳುತ್ತಿರುತ್ತಾರೆ. ತಟ್ಟೆಯಲ್ಲಿ ಕಾಣುವ ಮೀನನ್ನು ಬೇಡ ಅನ್ನುವುದು ಸುಲಭ. ಕಷ್ಟ ಕಾಣದ ಮೀನಿನದು. ಇಲ್ಲಿ ಸಾರು, ಪಲ್ಯ, ನೂಡಲ್ಸ್, ಎಲ್ಲಕ್ಕೂ ಅಡಿಪಾಯ ದಾಶಿ ಅನ್ನುವ ತಿಳಿ ರಸ. ಅದನ್ನು ಹೆಚ್ಚಾಗಿ ಹೊಗೆಯಲ್ಲಿ ಒಣಗಿಸಿದ ಮೀನಿನ ತೆಳು ಎಸಳಿನಿಂದ ಮಾಡುತ್ತಾರೆ. ಆದರೆ ಕೊಂಬು ಅನ್ನುವ ಕಡಲ ಸೊಪ್ಪಿನಿಂದಲೂ ದಾಶಿ ಬರುತ್ತದೆ, ಬೌದ್ಧ ದೇವಸ್ಥಾನಗಳ ಅಡುಗೆಯಲ್ಲಿ ಅದೇ. ಕೊಂಬು ಬೆಳೆಯುವುದು ದೂರದ ಹೊಕ್ಕೈಡೋದಲ್ಲಿ. ಎದೋ ಕಾಲದಲ್ಲಿ (1603–1868) ಕಿತಮಾಯೆಬುನೆ ಅನ್ನುವ ಸರಕಿನ ಹಡಗುಗಳು ಅದನ್ನು ಹೊತ್ತು ಈ ಕರಾವಳಿಯ ಬಂದರುಗಳನ್ನು ಹಾದು ಹೋಗುತ್ತಿದ್ದವಂತೆ. ಅಂದಿನಿಂದ ಈ ಕಡೆಯ ಅಡುಗೆಮನೆಗಳಲ್ಲಿ ಕೊಂಬು ಇದ್ದೇ ಇದೆ.

ಒಕಾಸಾನ್ ಮೊದಮೊದಲು ನನಗೆ ಬೇರೆ ಪಾತ್ರೆ ಇಡುತ್ತಿದ್ದರು. ಈಗ ರಾತ್ರಿಯೇ ಕೊಂಬು ನೆನೆಹಾಕಿ ಬೆಳಿಗ್ಗೆ ಮನೆಮಂದಿಗೆಲ್ಲ ಅದರಲ್ಲೇ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು ಮಾಡುತ್ತಾರೆ. ಅಜ್ಜ ಒಜೀಚಾನ್ ಮಾತ್ರ ತಮ್ಮ ಬಟ್ಟಲಿಗೆ ಮೀನಿನ ಎಸಳು ಉದುರಿಸಿಕೊಳ್ಳುತ್ತಾರೆ. ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವುದು ನನಗೆ ಎಷ್ಟು ಮುಖ್ಯ ಅಂತ ಅವರಿಗೆ ಹೇಗೆ ಗೊತ್ತಾಯಿತೋ!

ಸ್ನಾನದ ವಿಷಯ ಸ್ವಲ್ಪ ಬಿಡಿಸಿ ಬರೆಯಬೇಕು. ಇಲ್ಲಿ ಬಚ್ಚಲಿನಲ್ಲಿ ಎರಡು ಭಾಗ. ಹೊರಗೆ ಚಿಕ್ಕ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ, ತಲೆ ಪೂರ್ತಿ ತೊಳೆದುಕೊಳ್ಳಬೇಕು. ಆಮೇಲೆ ಆಳವಾದ ತೊಟ್ಟಿಗಿಳಿದು ಕತ್ತಿನವರೆಗೆ ಬಿಸಿನೀರಿನಲ್ಲಿ ಸುಮ್ನೆ ಕೂರಬೇಕು. ತೊಟ್ಟಿಯೊಳಗೆ ಸೋಪು ಬರುವ ಹಾಗಿಲ್ಲ, ಟವೆಲ್ ಅದ್ದುವ ಹಾಗಿಲ್ಲ. ಅದೇ ನೀರಿನಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಕೂರುತ್ತಾರೆ. ನಡುನಡುವೆ ಶಾಖ ಆರದಂತೆ ಮುಚ್ಚಳ ಮುಚ್ಚಿಡುತ್ತಾರೆ. ಮರುದಿನ ಬೆಳಿಗ್ಗೆ ಉಳಿದ ನೀರು ಪೈಪಿನಲ್ಲಿ ವಾಷಿಂಗ್ ಮೆಷಿನ್ನಿಗೆ ಹೋಗುತ್ತದೆ.

ಇನ್ನೊಬ್ಬರು ಕೂತೆದ್ದ ನೀರು ಅಂದರೆ ನಮ್ಮ ಕಡೆಯವರಿಗೆ ಮುಜುಗರ. ಅಮ್ಮನಿಗೆ ಇದನ್ನು ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆದರೆ ಒಳಗೆ ಇಳಿಯುವ ಮೊದಲು ಅವರು ಮೈ ತೊಳೆಯುವ ರೀತಿ ನೋಡಿದರೆ ಆ ಅನುಮಾನ ಉಳಿಯುವುದಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ. ಇರಲೇಬೇಕು, ನಂತರ ಬರುವವರಿಗಾಗಿ ಅದನ್ನು ಹಾಗೆ ಉಳಿಸುವುದು ಎಲ್ಲರ ಜವಾಬ್ದಾರಿ.

ಈ ಸ್ನಾನಕ್ಕೆ ಒಂದು ಸರದಿ ಇರುತ್ತದೆ. ಅಕ್ಟೋಬರಿನಲ್ಲಿ ಬಂದ ಹೊಸದರಲ್ಲಿ ಯಾವಾಗಲೂ ನಾನೇ ಮೊದಲು. ಯಾರೂ ಇಳಿಯದ ನೀರು ಅತಿಥಿಗೆ ಸಲ್ಲಬೇಕು ಅಂತ. ಒಜೀಚಾನ್ ಆ ಮೊದಲ ಸ್ನಾನವನ್ನು ಎಷ್ಟೋ ವರ್ಷಗಳಿಂದ ತಮ್ಮದಾಗಿಸಿಕೊಂಡವರು. ಒಂದು ಮಾತಾಡದೆ ಬಿಟ್ಟುಕೊಟ್ಟಿದ್ದರು. ನವೆಂಬರಿನಲ್ಲಿ, ಕೆನ್ರೊಕುಎನ್ ತೋಟದ ಮರಗಳಿಗೆ ಹಿಮದ ಭಾರ ತಡೆಯಲು ಹಗ್ಗ ಕಟ್ಟುವ ಕೆಲಸ ಶುರುವಾದ ವಾರ, ಒಬಾಚಾನ್ ರಾತ್ರಿ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಒಜೀಚಾನ್ ಎದ್ದು ಬಂದರು, ಈಗ ನೀನು ಹೋಗು," ಅಂದರು. ಅಷ್ಟೇ. ಅವತ್ತಿನಿಂದ ನಾನು ಎರಡನೆಯವಳು. ಅವತ್ತು ನನಗಾದ ಖುಷಿಯನ್ನು ಹೇಗೆ ಬರೆಯಲಿ? ಅತಿಥಿಯನ್ನು ಯಾರೂ ಸರದಿಯಲ್ಲಿ ಹಿಂದಕ್ಕೆ ಕಳಿಸುವುದಿಲ್ಲ.

ಅದೇ ಹೊತ್ತಿಗೆ ಒಂದೊಂದೇ ಕೆಲಸವೂ ಬಂತು. ಮನೆಯಿಂದ ಮನೆಗೆ ಹೋಗುವ ಬೀದಿಯ ಸುತ್ತೋಲೆಯ ಹಲಗೆಯನ್ನು ಪಕ್ಕದ ಮನೆಗೆ ಮುಟ್ಟಿಸುವುದು. ಸುಡುವ ಕಸದ ದಿನ ನಗರಸಭೆಯ ಚೀಲವನ್ನು ಬೆಳಿಗ್ಗೆ ಎಂಟೂವರೆಯ ಒಳಗೆ ಮೂಲೆಯ ಜಾಗಕ್ಕೆ ಒಯ್ದು, ಕಾಗೆ ಎಳೆಯದಂತೆ ಬಲೆ ಮುಚ್ಚುವುದು. ಜಪಾನಿಗೆ ಓದಲು ಬರಬೇಕು ಅಂತಿರುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಉಳಿಯುವ ಮನೆಯಲ್ಲಿ ಬೇಗ ಒಂದು ಕೆಲಸ ಕೇಳಿ ತಗೊಳ್ಳಿ. ಭಾಷೆಯೂ ಅದರ ಜೊತೆಗೇ ಬರುತ್ತದೆ. ಕಸದ ವಿಷಯದಲ್ಲಿ ಬೀದಿಯ ಹೆಂಗಸರ ಜೊತೆ ಮಾತಾಡಿ ನಾನು ಕಲಿತ ಜಪಾನಿ ಭಾಷೆ ಕ್ಲಾಸಿನಲ್ಲಿ ಸಿಗುವಂಥದ್ದಲ್ಲ.

ಡಿಸೆಂಬರಿಗೆ ಚಳಿ ಕಚ್ಚತೊಡಗಿತು. ಈ ದೇಶದ ಮನೆಗಳ ವಿಷಯದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಒಂದೇ. ಹಳೆ ಮನೆಗಳಲ್ಲಿ ಕೂರುವ ಕೋಣೆಯೊಂದನ್ನೇ ಬೆಚ್ಚಗಿಡುತ್ತಾರೆ. ನಮ್ಮಲ್ಲಿ ಅಲ್ಲಿ ಸೀಮೆಎಣ್ಣೆ ಹೀಟರ್ ಇದೆ, ಅಡಿಯಲ್ಲಿ ಹೀಟರ್ ಇಟ್ಟು ಕಂಬಳಿ ಹೊದಿಸಿದ ಕೊತಾತ್ಸು ಮೇಜಿದೆ. ಬಾಗಿಲು ಸರಿಸಿ ಓಣಿಗೆ ಬಂದರೆ ಹೊರಗಿನಷ್ಟೇ ಚಳಿ. ಬಟ್ಟೆ ಬಿಚ್ಚುವ ಜಾಗವಂತೂ ಮಂಜುಗಡ್ಡೆ. ಬೆಚ್ಚಗಿನ ಕೋಣೆಯಿಂದ ಎದ್ದು ಅಲ್ಲಿ ಬರಿಮೈಯಲ್ಲಿ ನಿಂತು, ಒಮ್ಮೆಗೇ ಬಿಸಿನೀರಿಗೆ ಇಳಿದರೆ ವಯಸ್ಸಾದವರ ರಕ್ತದೊತ್ತಡ ಏರಿ ಇಳಿಯುತ್ತದೆ, ಪ್ರಜ್ಞೆ ತಪ್ಪುತ್ತದೆ, ಮುಳುಗುತ್ತಾರೆ. ಪ್ರತಿ ಚಳಿಗಾಲ ಇಲ್ಲಿ ಬಹಳ ಹಿರಿಯರು ಹೀಗೆ ತೊಟ್ಟಿಯಲ್ಲೇ ಹೋಗುತ್ತಾರೆ. ಬಟ್ಟೆ ಬಿಚ್ಚುವ ಜಾಗವನ್ನು ಮೊದಲೇ ಬೆಚ್ಚಗೆ ಮಾಡಿ, ನೀರು 41 ಡಿಗ್ರಿ ದಾಟದಿರಲಿ, 10 ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ, ಇಳಿಯುವ ಮುಂಚೆ ಮನೆಯವರಿಗೆ ಹೇಳಿ ಅಂತ ಸರ್ಕಾರವೇ ಪ್ರತಿ ವರ್ಷ ಎಚ್ಚರಿಸುತ್ತದೆ. ಇಷ್ಟು ಚೆನ್ನಾಗಿ ರೈಲು ಓಡಿಸುವ ದೇಶ ಒಂದು ಓಣಿಯನ್ನು ಬೆಚ್ಚಗಿಡಬಾರದೇ ಅನ್ನಿಸುತ್ತದೆ ನನಗೆ.

ಒಕಾಸಾನ್ ನರ್ಸ್, ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ. ಮೊದಲ ಸ್ನಾನ ಮಾಡುವವರಿಗೆ ಬಚ್ಚಲು ತಣ್ಣಗಿರುತ್ತದೆ, ಎರಡನೆಯವರು ಹೋಗುವ ಹೊತ್ತಿಗೆ ಹಬೆ ತುಂಬಿರುತ್ತದೆ, ಹಾಗಾಗಿ ಒಜೀಚಾನ್ ಮೊದಲು ಹೋಗಬಾರದು ಅಂತ ಅವರ ಹಟ. ಒಜೀಚಾನ್ ಒಪ್ಪಲಿಲ್ಲ. ಅವರಿಗೆ ನೀರು 43 ಡಿಗ್ರಿ ಇರಬೇಕು, ಹೊಸದಾಗಿರಬೇಕು. ದಿನಗಟ್ಟಲೆ ಮಾತು ನಡೆದು ಕೊನೆಗೆ ಮೊದಲ ಸರದಿ ನನಗೆ ಬಂತು, ಕೆಲಸದ ಸಮೇತ. ನಾನು ಹೋಗಿ ಬಟ್ಟೆ ಬಿಚ್ಚುವ ಜಾಗದ ಚಿಕ್ಕ ಹೀಟರ್ ಹಾಕಬೇಕು, ತೊಟ್ಟಿಯ ಮುಚ್ಚಳ ತೆಗೆದಿಡಬೇಕು, ಗೋಡೆಗೂ ನೆಲಕ್ಕೂ ಬಿಸಿ ಷವರ್ ಬಿಡಬೇಕು. ನನ್ನ ಸ್ನಾನ ಮುಗಿದ ಕೂಡಲೇ ಅವರನ್ನು ಕರೆಯಬೇಕು. ಅವರು ಒಳಗಿರುವಷ್ಟು ಹೊತ್ತು ಪಕ್ಕದ ಕೋಣೆಯಲ್ಲಿ ಓದುತ್ತಾ ಕೂತಿರಬೇಕು. ನೀರಿನ ಸದ್ದು ಕೇಳುತ್ತಿದ್ದರೆ ಸರಿ. ಹತ್ತು ನಿಮಿಷವಾದರೆ, "ಒಜೀಚಾನ್, ನೀರು ಹೇಗಿದೆ?" ಅಂತ ಕೂಗಬೇಕು. ಉತ್ತರ ಬರದಿದ್ದರೆ ಒಳಗೆ ನುಗ್ಗು, ಸಂಕೋಚಪಡಬೇಡ ಅಂತ ಒಕಾಸಾನ್ ಹೇಳಿಟ್ಟಿದ್ದಾರೆ.

ಇವತ್ತು ಮಾತ್ರ ಒಜೀಚಾನ್, ತೋಜಿಯ ಯುಜು ಸ್ನಾನ ಮೊದಲು ತಮ್ಮದೇ ಅಂತ ಬೆಳಿಗ್ಗೆಯೇ ಸಾರಿಬಿಟ್ಟಿದ್ದರು. ಒಕಾಸಾನ್ ಮುಖ ಬಿಗಿದಿತ್ತು.

ವಾಜಿಮಾದ ಅಜ್ಜಿ ಮಧ್ಯಾಹ್ನ ಬಂದರು. ಬಸ್ಸಿನಲ್ಲಿ ಎರಡು ಗಂಟೆಗೂ ಜಾಸ್ತಿ ದಾರಿ. ಈ ವರ್ಷ ಜನವರಿ 1ರಂದು, ಹೊಸ ವರ್ಷದ ದಿನವೇ, ಸಂಜೆ 4:10ಕ್ಕೆ ನೋತೋ ಪರ್ಯಾಯ ದ್ವೀಪದಲ್ಲಿ 7.6 ತೀವ್ರತೆಯ ಭೂಕಂಪ ಆಯಿತಲ್ಲ, ಅದರಲ್ಲಿ ಅವರ ಮನೆ ಬಿತ್ತು. ವಾಜಿಮಾದ ಹೆಸರುವಾಸಿ ಬೆಳಗಿನ ಸಂತೆಯ ಬೀದಿ ಅವತ್ತು ರಾತ್ರಿ ಬೆಂಕಿಗೆ ಹೋಯಿತು. ಈಗ ಅವರಿರುವುದು ಸರ್ಕಾರ ಕಟ್ಟಿಸಿಕೊಟ್ಟ ತಾತ್ಕಾಲಿಕ ಮನೆಯಲ್ಲಿ. ಸೆಪ್ಟೆಂಬರ್ 21ರ ಭಾರಿ ಮಳೆಗೆ ಅಂಥ ಕೆಲವು ಮನೆಗಳಿಗೂ ನೀರು ನುಗ್ಗಿತು. ಅವರ ಮನೆಯ ಹೊಸ್ತಿಲವರೆಗೆ ಬಂದು ನಿಂತಿತಂತೆ. ಇವತ್ತಿಗೆ ಸರಿಯಾಗಿ ಮೂರು ತಿಂಗಳು.

ಬರುವಾಗ ವಾಜಿಮಾದ ಮಾರು-ಯುಬೆಶಿ ತಂದಿದ್ದರು. ಯುಜುವಿನ ತಿರುಳು ತೆಗೆದು, ಸಿಪ್ಪೆಯೊಳಗೆ ಅಂಟಕ್ಕಿಯ ಹಿಟ್ಟು ಸಕ್ಕರೆ ತುಂಬಿ, ಮತ್ತೆ ಮತ್ತೆ ಹಬೆಯಲ್ಲಿ ಬೇಯಿಸಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಕಪ್ಪಗೆ ಗಟ್ಟಿಯಾದ ಹಣ್ಣನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿಕೊಟ್ಟರು. ಇದರಲ್ಲಿ ಮೀನಿಲ್ಲ ಅಂತ ಅವರೇ ಮುಂದಾಗಿ ಹೇಳಿದರು.

ಚಹಾ ಕುಡಿಯುತ್ತಾ ಅವರು ಜನವರಿಯ ಮಾತು ತೆಗೆದರು. ಕನಜಾವಾ, ವಾಜಿಮಾ ಎರಡೂ ಇರುವ ಇಶಿಕಾವಾ ಪ್ರಾಂತ್ಯದಲ್ಲಿ ಆಗ 1 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ನಲ್ಲಿ ನೀರು ನಿಂತಿತ್ತು. ವಾಜಿಮಾದಲ್ಲಿ ಎಷ್ಟೋ ಕಡೆ ತಿಂಗಳುಗಟ್ಟಲೆ ಬರಲಿಲ್ಲ. ಶಾಲೆಯ ಜಿಮ್ ಹಾಲಿನಲ್ಲಿ ಮಲಗಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ದಿನ ಕಳೆದರಂತೆ. ಆಮೇಲೆ ಸ್ವರಕ್ಷಣಾ ಪಡೆಯವರು, ಅಂದರೆ ಜಪಾನಿನ ಸೈನಿಕರು, ಬಂದು ಗುಡಾರದೊಳಗೆ ದೊಡ್ಡ ತೊಟ್ಟಿ ನಿಲ್ಲಿಸಿ ಬಿಸಿನೀರು ಕಾಯಿಸಿಕೊಟ್ಟರು. "ಅವತ್ತು ನೀರಿಗಿಳಿದಾಗ ಯಾರೂ ಮಾತಾಡಲಿಲ್ಲ. ನನ್ನ ಪಕ್ಕದವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಮುಖದ ಮೇಲೂ ನೀರೇ ಇತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ," ಅಂದರು. ಎರಡನೇ ಕ್ಲಾಸಿನಲ್ಲಿರುವ ಈ ಮನೆಯ ಪುಟ್ಟಿ ಅವರ ತೋಳಿಗೆ ಒರಗಿ ಕೂತು ಕೇಳುತ್ತಿದ್ದಳು.

ಸಂಜೆ ತೊಟ್ಟಿ ತುಂಬಿದ ಸದ್ದು ಬಂತು. ಅತಿಥಿ ಇರುವುದರಿಂದ ಅಕ್ಕನವರೇ ಮೊದಲು ಹೋಗಲಿ ಅಂತ ಒಬಾಚಾನ್ ಅಂದರು. ಅಕ್ಕ ಅಲ್ಲಾಡಲಿಲ್ಲ. ಒಜೀಚಾನ್ ಟವೆಲ್ ಹಿಡಿದು ನಿಂತಿದ್ದರು. ಅಕ್ಕ ಅವರ ಕಡೆ ತಿರುಗಿ, "ನೀನು ಕೂತ್ಕೋ. ಗಟ್ಟಿಯಾಗಿರುವ ಹುಡುಗಿ ಹೋಗಿ ಬೆಚ್ಚಗೆ ಮಾಡಿಡಲಿ. ಮುದುಕರು ನಾವು ಆಮೇಲೆ. ನಾನಿನ್ನೂ ಬದುಕಿರಬೇಕು, ನೀನೂ ಇರಬೇಕು," ಅಂದರು. ಮನೆಯಲ್ಲಿ ಒಜೀಚಾನ್‌ಗಿಂತ ಹಿರಿಯರು ಅವರೊಬ್ಬರೇ. ಒಜೀಚಾನ್ ಕೂತರು.

ಪುಟ್ಟಿ ಯುಜು ಹಣ್ಣುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟಳು. ನಾನು ಷವರ್ ಬಿಟ್ಟು ಗೋಡೆ ಕಾಯಿಸಿದೆ. ನೀರಿಗಿಳಿದಾಗ ಸಿಪ್ಪೆಯ ಎಣ್ಣೆಗೆ ಮೈ ಚುರುಗುಟ್ಟಿತು. ಸಾಗರದ ನಮ್ಮ ಮನೆಯಲ್ಲಿ ನೀರು ತುಂಬುವ ಹಬ್ಬದ ಮರುದಿನ, ಬೆಳಗಿನ ಜಾವ ಹಂಡೆಯ ಬುಡದಲ್ಲಿ ಬೆಂಕಿ ಹಾಕಿ ಅಜ್ಜಿ ಎಣ್ಣೆ ಹಚ್ಚಿ ನೀರು ಹುಯ್ಯುತ್ತಿದ್ದದ್ದು ನೆನಪಾಯಿತು. ಹೆಚ್ಚು ಹೊತ್ತು ಕೂರಲಿಲ್ಲ. ಹೊರಗೆ ಇಬ್ಬರು ಕಾಯುತ್ತಿದ್ದರು.

ವಾಜಿಮಾದ ಅಜ್ಜಿ ಹೋಗಿಬಂದರು, ಕೆನ್ನೆ ಕೆಂಪಾಗಿತ್ತು. ಒಜೀಚಾನ್ ಹೋದರು. ಹತ್ತು ನಿಮಿಷಕ್ಕೆ ಕೂಗಿದೆ. "ಚೆನ್ನಾಗಿದೆ, ಇನ್ನೊಂದೇ ನಿಮಿಷ," ಅಂದರು. ಒಂದು ನಿಮಿಷ ಬಿಟ್ಟು ಮತ್ತೆ ಕೂಗಿದೆ. ಎದ್ದು ಬಂದರು. 43 ಡಿಗ್ರಿಯ ಸುದ್ದಿ ಇವತ್ತು ಬರಲಿಲ್ಲ.

ರಾತ್ರಿ ಊಟಕ್ಕೆ ಸಿಹಿಗುಂಬಳವನ್ನು ಅಜುಕಿ ಕಾಳಿನ ಜೊತೆ ಬೇಯಿಸಿದ್ದರು. ಸಾರು ವಾಜಿಮಾದ ಮೆರುಗೆಣ್ಣೆಯ ಬಟ್ಟಲಿನಲ್ಲಿ. ಒಬಾಚಾನ್ ಮದುವೆಗೆ ಅಕ್ಕ ಕೊಟ್ಟ ಬಟ್ಟಲುಗಳಂತೆ ಅವು. ಅಕ್ಕನ ಮನೆಯಲ್ಲಿದ್ದ ಅದೇ ಜೋಡಿ ಈಗ ಇಲ್ಲ. ಊಟವಾದ ಮೇಲೆ ಒಬಾಚಾನ್ ಎರಡು ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕನ ಚೀಲದ ಪಕ್ಕ ಇಟ್ಟರು. ಬೇಡ, ಬೇಕು ಅಂತ ಇಬ್ಬರೂ ಇನ್ನೂ ವಾದಿಸುತ್ತಿದ್ದಾರೆ.

ನಾಳೆ ಬೆಳಿಗ್ಗೆ ಈ ಮನೆಯ ಅಪ್ಪ ಒತೋಸಾನ್ ಕಾರಿನಲ್ಲಿ ಅವರನ್ನು ವಾಜಿಮಾಕ್ಕೆ ಬಿಟ್ಟುಬರುತ್ತಾರೆ. ನಾನೂ ಪುಟ್ಟಿಯೂ ಹೊರಟಿದ್ದೇವೆ. ತಾತ್ಕಾಲಿಕ ಮನೆಯ ಕಿಟಕಿಗಳಿಂದ ಚಳಿ ಬರುತ್ತದೆ, ಗಾಜಿನ ಮೇಲೆ ನೀರು ಕಟ್ಟಿ ಗೋಡೆ ಒದ್ದೆಯಾಗುತ್ತದೆ ಅಂದರು. ಗುಳ್ಳೆ ಪ್ಲಾಸ್ಟಿಕ್ ಹಾಳೆಯ ಎರಡು ಸುರುಳಿ, ಟೇಪು, ಕತ್ತರಿ ಈಗಾಗಲೇ ಕಾರಿನಲ್ಲಿವೆ. ಅಳತೆ ಹೇಳುವುದು ಅಜ್ಜಿ, ಕತ್ತರಿಸುವುದು ಪುಟ್ಟಿ, ಅಂಟಿಸುವುದು ನಾನು.