ನಾವೂ ನ್ಯಾಟೋ ಸೇರಿಕೊಂಡರೆ ಆಗಲ್ವಾ?

ಗೋವಾದ ವಾಸ್ಕೋದಲ್ಲಿ ನಾವು ಕನ್ನಡದವರು ತುಂಬಾ ಜನ ಇದ್ದೇವೆ. ಭಾನುವಾರ ಸಂಜೆ ನಾಲ್ಕು ಜನ ಸೇರಿದರೆ ಊರಿನ ಮಳೆ, ಮಕ್ಕಳ ಶಾಲೆ, ಮನೆ ಬಾಡಿಗೆ ಎಲ್ಲಾ ಮಾತಾಡಿ ಮುಗಿದ ಮೇಲೆ ಯಾರಾದರೂ ಒಬ್ಬರು ನನ್ನ ಕಡೆ ತಿರುಗುತ್ತಾರೆ. ನಾನು ಬಂದರಿನಲ್ಲಿ ಕೆಲಸ ಮಾಡುವವನು, ಪೇಪರ್ ಜಾಸ್ತಿ ಓದುವವನು ಅಂತ. "ಸರ್, ನ್ಯಾಟೋದಲ್ಲಿ ಒಬ್ಬರ ಮೇಲೆ ಬಿದ್ದರೆ ಎಲ್ಲರೂ ಬರ್ತಾರಂತೆ. ನಾವೂ ಸೇರಿಕೊಂಡರೆ ಆಗಲ್ವಾ? ಗಡಿ ಚಿಂತೆನೇ ಇರಲ್ಲ."

ಸೇರೋಕೆ ಬರುವುದಿಲ್ಲ. ನ್ಯಾಟೋ ಅಂದರೆ ಉತ್ತರ ಅಮೆರಿಕ, ಯುರೋಪಿನ ದೇಶಗಳು ಒಪ್ಪಂದ ಮಾಡಿಕೊಂಡು ಕಟ್ಟಿದ ಸೇನಾ ಕೂಟ. ಹೊಸಬರನ್ನು ಕರೆಯುವುದಾದರೆ ಯುರೋಪಿನ ದೇಶಗಳನ್ನು ಮಾತ್ರ ಕರೆಯಬಹುದು ಅಂತ ಆ ಒಪ್ಪಂದದ 10ನೇ ವಿಧಿಯಲ್ಲಿದೆ. ಆದರೆ ಇಷ್ಟು ಹೇಳಿ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ. ಯಾಕೆಂದರೆ ನ್ಯಾಟೋ ದೇಶವೊಂದರ ವಿರುದ್ಧ ನಮ್ಮ ಸೇನೆ ಹೋರಾಡಿದ್ದು ಇದೇ ಗೋವಾದಲ್ಲಿ.

1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ ಸಹಿ ಹಾಕಿದ 12 ದೇಶಗಳಲ್ಲಿ ಪೋರ್ಚುಗಲ್ ಕೂಡ ಒಂದು. ಗೋವಾ ಆಗ ಅವರ ಕೈಯಲ್ಲಿತ್ತು.

ನಾವು ಬಾಡಿಗೆಗಿರುವ ಮನೆಯ ಒಡತಿಗೆ 1961ರಲ್ಲಿ ಎಂಟು ವರ್ಷ. ಅವರ ಮನೆಯ ಹಳೇ ಕಿಟಕಿಗೆ ಗಾಜಿಲ್ಲ. ಮರದ ಚೌಕಟ್ಟಿನೊಳಗೆ ತೆಳ್ಳಗಿನ ಚಿಪ್ಪುಗಳನ್ನು ಸಾಲಾಗಿ ಕೂರಿಸಿದ್ದಾರೆ. ಬೆಳಕು ಹಾಲಿನ ಹಾಗೆ ಒಳಗೆ ಬರುತ್ತದೆ. ಅದರ ಮಧ್ಯೆ ಎರಡು ಚೌಕ ಮಾತ್ರ ಗಾಜಿನವು. ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ ಬಂದ ನಮ್ಮ ಕ್ಯಾನ್‌ಬೆರಾ ವಿಮಾನಗಳು ದಾಬೋಳಿ ರನ್‌ವೇ ಮೇಲೆ ಬಾಂಬ್ ಹಾಕಿದಾಗ ಆ ಎರಡು ಚಿಪ್ಪು ಉದುರಿದವಂತೆ. ಮಧ್ಯಾಹ್ನ ಬಂದರಿನ ಕಡೆಯಿಂದ ತೋಪಿನ ಸದ್ದು. ಅಲ್ಲಿ ಪೋರ್ಚುಗೀಸರ ಯುದ್ಧಹಡಗು ಅಫೊನ್ಸೊ ಡಿ ಅಲ್ಬುಕರ್ಕ್, ನಮ್ಮ ಬೇತ್ವಾ, ಬಿಯಾಸ್ ಹಡಗುಗಳ ಎದುರು ನಿಂತಿತ್ತು. "ಪೋರ್ಚುಗಲ್‌ಗೆ ಅಮೆರಿಕ, ಇಂಗ್ಲೆಂಡ್ ಅಂಥ ದೊಡ್ಡ ದೊಡ್ಡ ದೋಸ್ತರಿದ್ದಾರೆ, ಬಂದೇ ಬರ್ತಾರೆ" ಅಂತ ಅವರ ಅಪ್ಪ ಮಕ್ಕಳನ್ನೆಲ್ಲ ಮಂಚದ ಕೆಳಗೆ ಕೂರಿಸಿ ಹೇಳುತ್ತಿದ್ದರಂತೆ.

ಯಾರೂ ಬರಲಿಲ್ಲ. ಕೊನೆ ಉಸಿರಿನ ತನಕ ಹೋರಾಡಿ ಅಂತ ಲಿಸ್ಬನ್‌ನಿಂದ ಪೋರ್ಚುಗಲ್ ಪ್ರಧಾನಿ ಸಲಾಜಾರ್ ಅಪ್ಪಣೆ ಮಾಡಿದ್ದ. ಇಲ್ಲಿದ್ದ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಮರುದಿನವೇ ಶರಣಾದ.

ಯಾಕೆ ಬರಲಿಲ್ಲ? ನಾವೆಲ್ಲ 5ನೇ ವಿಧಿಯನ್ನಷ್ಟೇ ಕೇಳಿದ್ದೇವೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುವುದು ಅದು. ಅದರ ಪಕ್ಕದಲ್ಲೇ 6ನೇ ವಿಧಿ ಇದೆ. ಯುರೋಪ್, ಟರ್ಕಿ, ಉತ್ತರ ಅಮೆರಿಕ, ಮತ್ತೆ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಅಟ್ಲಾಂಟಿಕ್ ಭಾಗ, ಅಷ್ಟಕ್ಕೇ ಆ ಮಾತು ಅನ್ವಯ. ಗೋವಾ ಇರುವುದು ಅರಬ್ಬಿ ಸಮುದ್ರದ ದಂಡೆಯಲ್ಲಿ, 15 ಡಿಗ್ರಿ ಅಕ್ಷಾಂಶದ ಹತ್ತಿರ, ಆ ವೃತ್ತದಿಂದ ದಕ್ಷಿಣಕ್ಕೆ. ಇದೇ ಕಾರಣಕ್ಕೆ 1982ರಲ್ಲಿ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ಬ್ರಿಟನ್ ಯುದ್ಧ ಮಾಡಿದಾಗಲೂ ಅದು ನ್ಯಾಟೋದ ಯುದ್ಧ ಆಗಲಿಲ್ಲ. ಇನ್ನೊಂದು ಮಾತು. ಪ್ರತಿ ದೇಶವೂ ತನಗೆ ಅಗತ್ಯ ಅನಿಸಿದ ಕ್ರಮ ತೆಗೆದುಕೊಳ್ಳಬೇಕು ಅಂತಷ್ಟೇ 5ನೇ ವಿಧಿಯಲ್ಲಿದೆ. ಸೈನ್ಯ ಕಳಿಸಲೇಬೇಕು ಅಂತಿಲ್ಲ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಈ ಕೂಟಕ್ಕೆ ಏನು ಕೆಲಸ ಅಂತ ಕೇಳಿದವರು ಬಹಳ. 1991ರಲ್ಲಿ ಎದುರಾಳಿ ಸೋವಿಯತ್ ಬಣದ ವಾರ್ಸಾ ಒಪ್ಪಂದವೇ ರದ್ದಾಗಿತ್ತು. ನ್ಯಾಟೋ ಮಾತ್ರ ತಾನೇ ಹಾಕಿಕೊಂಡ ಗೆರೆ ದಾಟಿ ಹೊರಟಿತು. ಬೋಸ್ನಿಯಾ ಆಯಿತು. 1999ರಲ್ಲಿ ಕೊಸೊವೊ ವಿಷಯಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆ ಯುಗೊಸ್ಲಾವಿಯಾ ಮೇಲೆ 78 ದಿನ ಬಾಂಬ್ ಹಾಕಿತು. ಅದು ತಪ್ಪು ಅಂತ ನಾನು ಇವತ್ತಿಗೂ ಹೇಳುತ್ತೇನೆ. 5ನೇ ವಿಧಿ ಒಂದೇ ಒಂದು ಸಲ ಬಳಕೆಯಾದದ್ದು 2001ರಲ್ಲಿ, ಅದೂ ಅಮೆರಿಕಕ್ಕಾಗಿ. ಆಮೇಲೆ ಅಫ್ಘಾನಿಸ್ತಾನ. 2021ರಲ್ಲಿ ಅಲ್ಲಿಂದ ಹೊರಬಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು.

ಒಳ್ಳೆಯದೂ ಆಗಿದೆ, ಅದನ್ನು ಮುಚ್ಚಿಡಬಾರದು. 2009ರಿಂದ 2016ರವರೆಗೆ ಸೊಮಾಲಿಯಾ ಕಡಲ್ಗಳ್ಳರ ವಿರುದ್ಧ ನ್ಯಾಟೋ ಹಡಗುಗಳು ಓಷನ್ ಶೀಲ್ಡ್ ಹೆಸರಿನಲ್ಲಿ ಕಾವಲು ನಿಂತವು. ನಮ್ಮ ನೌಕಾಪಡೆ 2008ರಿಂದಲೇ ಏಡನ್ ಕೊಲ್ಲಿಯಲ್ಲಿತ್ತು. ನಮ್ಮ ಓಣಿಯಲ್ಲೇ ಹಡಗಿನ ಕೆಲಸಕ್ಕೆ ಹೋದ ಹುಡುಗರಿದ್ದಾರೆ. ಆಗಿನ ದಿನಗಳಲ್ಲಿ ಫೋನ್ ಬರುವುದು ಒಂದು ದಿನ ತಡವಾದರೆ ಅವರ ತಾಯಂದಿರಿಗೆ ಊಟ ಸೇರುತ್ತಿರಲಿಲ್ಲ. ಒಪ್ಪಂದ ಇಲ್ಲದೆಯೂ ಇಬ್ಬರೂ ಅದೇ ಕಡಲು ಕಾದರು, ನೋಡಿ.

2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ಪೂರ್ತಿ ನುಗ್ಗಿದ ಮೇಲೆ ನ್ಯಾಟೋ ಮತ್ತೆ ಯುರೋಪನ್ನು ಕಾಯುವ ತನ್ನ ಹಳೇ ಕೆಲಸಕ್ಕೆ ಮರಳಿದೆ. ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ಸೇರಿದವು. ಈಗ 32 ದೇಶ. ರಷ್ಯಾದ ಪಕ್ಕದ ಎಸ್ಟೋನಿಯಾದಂಥ ಪುಟ್ಟ ದೇಶಕ್ಕೆ ಅದು ನಿಜವಾಗಿಯೂ ಆಸರೆ. ಅಲ್ಲಿಯವನಾಗಿದ್ದರೆ ನಾನೂ ಬೇಕೇ ಬೇಕು ಅನ್ನುತ್ತಿದ್ದೆ. ಆದರೆ ಆಸರೆಗೆ ಬೆಲೆ ಇದೆ. 2035ರ ಹೊತ್ತಿಗೆ ಜಿಡಿಪಿಯ ಶೇ 5ರಷ್ಟನ್ನು ರಕ್ಷಣೆಗೆ, ಅದಕ್ಕೆ ಸಂಬಂಧಿಸಿದ ಕೆಲಸಕ್ಕೆ ಇಡುತ್ತೇವೆ ಅಂತ 2025ರಲ್ಲಿ ಹೇಗ್‌ನಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮ ರಕ್ಷಣಾ ಖರ್ಚು ಶೇ 2ರ ಆಸುಪಾಸಿನಲ್ಲಿದೆ. ದುಡ್ಡು ಹಾಗಿರಲಿ, ಯಾರದೋ ಗಡಿಗೆ ನಮ್ಮ ಹುಡುಗರನ್ನು ಕಳಿಸಬೇಕಾಗಿ ಬರಬಹುದಾದ ಮಾತಿಗೆ ಸಹಿ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ.

"ಹಾಗಾದ್ರೆ ನಮ್ಮ ಜೊತೆ ಯಾರಿರ್ತಾರೆ ಸರ್?" ಅಂತ ಮುಂದಿನ ಪ್ರಶ್ನೆ ಬರುತ್ತದೆ. 1961ರ ಲೆಕ್ಕವನ್ನೇ ಹೇಳುತ್ತೇನೆ. ಭಾರತ ಗೋವಾದಿಂದ ಹಿಂದೆ ಸರಿಯಲಿ ಅಂತ ಭದ್ರತಾ ಮಂಡಳಿಯಲ್ಲಿ 7 ದೇಶ ಕೈ ಎತ್ತಿದವು, ಅಮೆರಿಕ, ಬ್ರಿಟನ್, ಫ್ರಾನ್ಸ್ ಸೇರಿ. ನಮ್ಮ ಪರ ನಿಂತದ್ದು ಸೋವಿಯತ್ ಒಕ್ಕೂಟ, ಸಿಲೋನ್, ಲೈಬೀರಿಯಾ, ಈಜಿಪ್ಟ್. ಸೋವಿಯತ್ ವೀಟೋದಿಂದ ಅದು ಬಿದ್ದುಹೋಯಿತು. ಇವರಾರ ಜೊತೆಗೂ ನಮಗೆ ಆಗ ಸೇನಾ ಒಪ್ಪಂದ ಇರಲಿಲ್ಲ.

ಆಮೇಲೆ ಅಂಜದೀವ್ ವಿಷಯ ಹೇಳುತ್ತೇನೆ. ನಮ್ಮ ಕಾರವಾರದ ಎದುರಿಗೇ ಇರುವ ದ್ವೀಪ, ಅದೂ ಆಗ ಪೋರ್ಚುಗೀಸರ ಕೈಯಲ್ಲಿತ್ತು. ತ್ರಿಶೂಲ್ ಮತ್ತು ಮೈಸೂರು ಅನ್ನುವ ಹಡಗುಗಳಿಂದ ನಮ್ಮ ನಾವಿಕರು ಅಲ್ಲಿ ಇಳಿದರು. ಮೈಸೂರು ಅಂದ ಕೂಡಲೇ ಎಲ್ಲರೂ ತಲೆ ಎತ್ತುತ್ತಾರೆ. ಏಳು ಜನ ನಾವಿಕರು ವಾಪಸ್ ಬರಲಿಲ್ಲ. ಅವರ ಸ್ಮಾರಕ ಇಲ್ಲೇ, ಐಎನ್‌ಎಸ್ ಗೋಮಂತಕ ನೌಕಾನೆಲೆಯಲ್ಲಿದೆ.