ಸಾಕವ್ವನ ಹುಂಜಕ್ಕೆ ಒಂದು ತಂಡ

“ಮೇಡಂ, ಕಥೆ ಕಾದಂಬರಿಗಳ ಪಾತ್ರಗಳನ್ನು ಆರಿಸಿ ಒಂದು ಕನಸಿನ ತಂಡ ಕಟ್ಟಬೇಕು ಎಂದರೆ ಯಾರ್ಯಾರನ್ನು ತೆಗೆದುಕೊಳ್ಳುತ್ತೀರಿ? ತೀರ ಹಳಬರು ಬೇಡ, ನಮ್ಮ ಕಾಲದವರೇ ಆಗಬೇಕು.”

ನಾನು ಓದುಗರ ಕೂಟವೊಂದನ್ನು ನಡೆಸುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ನಾನು ಎರಡನೆಯ ಹೆಸರಿಗೆ ಬರುವಷ್ಟರಲ್ಲಿ ಕೇಳಿದವರೇ ತಮ್ಮ ಪಟ್ಟಿ ಬಿಚ್ಚಿರುತ್ತಾರೆ. ಆದ್ದರಿಂದ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನು ಓದಿಕೊಳ್ಳಲಿ.

ಮೊದಲು ಆ ಪ್ರಶ್ನೆಯ ಮೇಲೆ ನನಗಿರುವ ಸಿಟ್ಟನ್ನು ಹೇಳಿಬಿಡಬೇಕು. ಕೇಳುವವರ ತಲೆಯಲ್ಲಿ ಇರುವುದು ಕ್ರಿಕೆಟ್ ತಂಡ. ಒಬ್ಬ ನಾಯಕ, ಇಬ್ಬರು ಗಟ್ಟಿಗರು, ಒಬ್ಬಳು ಬುದ್ಧಿವಂತೆ, ನಗಿಸಲು ಇನ್ನೊಬ್ಬ. ಕಂಪ್ಯೂಟರಿಗೆ ಕನ್ನ ಹಾಕಲು ಲಿಸ್ಬೆತ್ ಸಲಾಂಡರ್, ಬಾಣ ಬಿಡಲು ಕ್ಯಾಟ್ನಿಸ್ ಎವರ್ಡೀನ್, ಮಂತ್ರ ಹಾಕಲು ಹ್ಯಾರಿ ಪಾಟರ್ ಕಥೆಗಳ ಹರ್ಮಾಯಿನಿ ಗ್ರೇಂಜರ್. ಮೂವರೂ ನನಗೆ ಇಷ್ಟ, ಅವರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಅವರನ್ನು ಸುತ್ತಿಗೆ, ಇಕ್ಕಳ, ಗರಗಸಗಳ ಹಾಗೆ ಪೆಟ್ಟಿಗೆಗೆ ತುಂಬುತ್ತಾರಲ್ಲ, ಅದಕ್ಕೆ ಸಿಟ್ಟು. ಹರ್ಮಾಯಿನಿ ಮಂತ್ರ ಬಲ್ಲವಳು, ನಿಜ. ಆದರೆ ಕೂಲಿಯಿಲ್ಲದೆ ಮನೆಗೆಲಸಕ್ಕೆ ದುಡಿಯುವ ಎಲ್ಫ್ ಎಂಬ ಪುಟ್ಟ ಮಾಯಾಜೀವಿಗಳ ಪರವಾಗಿ ಸಂಘ ಕಟ್ಟಿ, ಗೆಳೆಯರೇ ತಮಾಷೆ ಮಾಡಿದರೂ ಹಿಂದೆಗೆಯದೆ ಬ್ಯಾಡ್ಜುಗಳನ್ನು ಹಿಡಿದು ಓಡಾಡಿದ ಹುಡುಗಿಯೂ ಅವಳೇ. ಆ ಹುಡುಗಿ ಬೇಕು ಎಂದು ತಂಡಕ್ಕೆ ಕರೆದವರನ್ನು ನಾನು ಇದುವರೆಗೆ ಕಂಡಿಲ್ಲ.

ಇನ್ನು ಈ ತಂಡ ಯಾವ ಕೆಲಸಕ್ಕೆ ಎಂದು ಕೇಳಿದರೆ, “ಕೆಲಸ ಏನಿಲ್ಲ, ಸುಮ್ಮನೆ ಒಂದು ತಂಡ” ಎನ್ನುತ್ತಾರೆ. ಕೆಲಸವೇ ಇಲ್ಲದ ಮೇಲೆ ನಾಲ್ಕು ಜನರನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ನಾನೇನು ಮಾಡಲಿ? ಅದಕ್ಕೇ ಕೆಲಸವನ್ನು ನಾನೇ ಗೊತ್ತುಮಾಡಿಕೊಂಡಿದ್ದೇನೆ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವ ಎಂಬ ಮುದುಕಿ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾಳೆ. ಆ ಹುಂಜವನ್ನು ಹುಡುಕಲು ಹೊರಡುವವರೇ ನನ್ನ ತಂಡ.

ಇದನ್ನು ಮೊದಲ ಸಲ ಹತ್ತಾರು ಜನರೆದುರು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಜೋರಾಗಿ ನಕ್ಕರು. “ಇಷ್ಟೆಲ್ಲ ಸಾಹಿತ್ಯ ಓದಿ ಕೊನೆಗೆ ಕೋಳಿ ಹುಡುಕುವುದೇ? ಎಲ್ಲ ಕಾಲ್ಪನಿಕ ತಾನೇ, ಯಾವುದಾದರೂ ದೊಡ್ಡ ಕೆಲಸ ಹೇಳಿ” ಎಂದರು. ಆ ಕ್ಷಣಕ್ಕೆ ನನಗೆ ಮಾತು ಹೊರಡಲಿಲ್ಲ. ಕಿವಿ ಬಿಸಿಯಾಯಿತು, ಕೈಯಲ್ಲಿದ್ದ ಪುಸ್ತಕವನ್ನು ತೆರೆದು ಮುಚ್ಚಿದೆ, ಅಷ್ಟೇ. ಉತ್ತರ ಈಗ ಕೊಡುತ್ತೇನೆ.

ಅದೇ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಸಾಹುಕಾರನ ಕಡಲೆಕಾಯಿಯನ್ನು ರಾತ್ರಿ ಕೂತು ತಿನ್ನುತ್ತಾರೆ. ಹಸಿವೆಯೇ ಹಬ್ಬವಾದ ಹಾಗಿದೆ ಆ ರಾತ್ರಿ. ಅದೇ ಮನೆಯ ಗೋಡೆಯ ಮೇಲೆ ಒಬ್ಬ ಹುಡುಗಿ ನವಿಲು ಬರೆಯುತ್ತಾಳೆ. ಆಮೇಲೆ ಪೊಲೀಸರು ಬಂದು ಮನೆ ಶೋಧಿಸುತ್ತಾರೆ. ಸಾಹುಕಾರನ ಕಡಲೆಕಾಯಿ ಕಳುವಾದರೆ ಸರ್ಕಾರವೇ ಬಾಗಿಲಿಗೆ ಬರುತ್ತದೆ. ಸಾಕವ್ವನ ಹುಂಜ ಕಳೆದುಹೋದರೆ ಹುಡುಕುವುದಕ್ಕೆ ಅವಳ ಎರಡು ಕಾಲು, ಅವಳ ಒಂದು ಬಾಯಿ. ಇದಕ್ಕಿಂತ ದೊಡ್ಡ ಕೆಲಸ ಯಾವುದು ಎಂದು ನಕ್ಕವರೇ ಹೇಳಲಿ. ‘ನಮ್ಮ ಕಾಲದವರೇ ಆಗಬೇಕು’ ಎನ್ನುವವರಿಗೂ ಇದೇ ಉತ್ತರ. ಕಳೆದುಕೊಂಡವರು ಯಾರು ಎಂದು ನೋಡಿಕೊಂಡು ಹುಡುಕಾಟ ಶುರುವಾಗುವುದು ನಿಲ್ಲುವ ತನಕ ಸಾಕವ್ವ ನನ್ನ ಕಾಲದವಳೇ.

ಮೊದಲ ಹೆಸರು ಮಂದಣ್ಣ. ಇದರಲ್ಲಿ ಚೌಕಾಸಿ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಅದರಲ್ಲಿ ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಜೇನು ಹಿಡಿಯುವವನು, ಜೇನು ಸೊಸೈಟಿಯಲ್ಲಿ ಒಂದು ನೌಕರಿ ಸಿಕ್ಕಿದರೆ ಮದುವೆಯಾಗಬಹುದು ಎಂದು ಆಸೆಯಿಟ್ಟುಕೊಂಡವನು, ಸಾಲದ್ದಕ್ಕೆ ಕಳ್ಳಭಟ್ಟಿ ಪ್ರಕರಣದಲ್ಲಿ ಸಿಕ್ಕಿಬಿದ್ದವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನನ್ನು ಬೇರೆ ಬಗೆಯಲ್ಲಿ ಅಳೆದರು. ಯಾರ ಕಣ್ಣಿಗೂ ಬೀಳದ ಹಾರುವ ಓತಿಯನ್ನು ಅವನು ಕಂಡಿದ್ದ. ಕಂಡದ್ದು ದೊಡ್ಡ ಸಂಗತಿ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಹುಡುಕುವ ಕೆಲಸಕ್ಕೆ ಇಂಥ ಕಣ್ಣು ಬೇಕು. ಏನು ಕಾಣಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡು ಹೊರಟವನು ಅದನ್ನೊಂದೇ ಹುಡುಕುತ್ತಾನೆ. ಮಂದಣ್ಣನಿಗೆ ಎಲ್ಲವೂ ಕಾಣುತ್ತದೆ. ಬೇಲಿಗೆ ಸಿಕ್ಕಿಕೊಂಡ ಪುಕ್ಕ ಕಾಣುತ್ತದೆ, ಕೆದರಿದ ಮಣ್ಣು ಇವತ್ತಿನದೋ ನಿನ್ನೆಯದೋ ಎಂಬುದು ಕಾಣುತ್ತದೆ. ನಡುವೆ ಯಾವುದೋ ಮರದ ಪೊಟರೆಯಲ್ಲಿ ಜೇನು ಕಂಡರೆ ಅರ್ಧ ದಿನ ಅವನು ನಮ್ಮ ಪಾಲಿಗಿಲ್ಲ. ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಕಾಯುತ್ತೇವೆ.

“ಹಾಗಿದ್ದರೆ ಕರ್ವಾಲೊ ಅವರನ್ನೇ ಕರೆಯಬಹುದಲ್ಲ, ವಿದ್ಯಾವಂತರು” ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಮಂದಣ್ಣ ಬಂದರೆ ಕರ್ವಾಲೊ ಹಿಂದೆಯೇ ಬರುತ್ತಾರೆ, ಕರೆಯಬೇಕಾಗಿಲ್ಲ. ಆ ಕಾದಂಬರಿಯ ಚೆಲುವೇ ಅದು. ಆದರೆ ಕಿವಿ ಎಂಬ ನಾಯಿ ಮಾತ್ರ ಮನೆಯಲ್ಲೇ ಇರಲಿ. ಹುಡುಕಲು ಹೊರಟಿರುವುದು ಹುಂಜವನ್ನು.

ಎರಡನೆಯವರು ಪ್ರೆಷಸ್ ರಮೋಟ್ಸ್ವೆ. ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ 1998ರಲ್ಲಿ ಬರೆದ ಕಾದಂಬರಿಯಲ್ಲಿ ಬೋಟ್ಸ್‌ವಾನಾದ ಈ ಹೆಂಗಸು ಪತ್ತೇದಾರಿ ಕಚೇರಿ ತೆರೆಯುತ್ತಾರೆ. ಬಂಡವಾಳ ಎಲ್ಲಿಂದ ಬಂತು ಗೊತ್ತೇ? ತಂದೆ ಜೀವಮಾನವೆಲ್ಲ ಕೂಡಿಹಾಕಿದ ದನಗಳನ್ನು ಮಾರಿದ ಹಣ. ಒಂದು ಪುಟ್ಟ ಬಿಳಿ ವ್ಯಾನು, ಎರಡು ಮೇಜು, ಎರಡು ಕುರ್ಚಿ, ಒಂದು ಟೆಲಿಫೋನು, ಒಂದು ಹಳೆಯ ಟೈಪ್‌ರೈಟರು, ಅಷ್ಟರಲ್ಲಿ ಕಚೇರಿ ಮುಗಿಯಿತು. ಒಂದು ಮನೆಗೆ ಒಂದು ಪ್ರಾಣಿ ಎಂದರೆ ಏನು ಎಂಬುದನ್ನು ಇವರಿಗೆ ಯಾರೂ ವಿವರಿಸಬೇಕಾಗಿಲ್ಲ. ಸಾಕವ್ವನ ಮಾತನ್ನು ನಡುವೆ ತುಂಡರಿಸದೆ ಕೇಳಬಲ್ಲವರು ನಮ್ಮಲ್ಲಿ ಒಬ್ಬರಾದರೂ ಇರಬೇಕು. ಅವರು ಇವರೇ.

ಮೂರನೆಯವನು ಕ್ರಿಸ್ಟೋಫರ್ ಬೂನ್. ಮಾರ್ಕ್ ಹ್ಯಾಡನ್ ಅವರ 2003ರ ಕಾದಂಬರಿಯ ಹದಿನೈದು ವರ್ಷದ ಹುಡುಗ. ರಾತ್ರಿ 12 ಗಂಟೆ 7 ನಿಮಿಷಕ್ಕೆ ನೆರೆಮನೆಯ ನಾಯಿ ಸತ್ತುಬಿದ್ದಿರುವುದನ್ನು ನೋಡಿ, ಕೊಂದವರು ಯಾರು ಎಂದು ಪತ್ತೆ ಮಾಡಲು ಹೊರಡುತ್ತಾನೆ. “ನಾಯಿ ತಾನೇ, ಬಿಡು” ಎಂದು ದೊಡ್ಡವರು ಹೇಳಿದರೂ ಬಿಡುವುದಿಲ್ಲ. ಕೋಳಿ ಎಂದು ನಕ್ಕವರ ಪಕ್ಕದಲ್ಲಿ ಈ ಹುಡುಗನನ್ನು ಕೂರಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಸುಳ್ಳು ಹೇಳುವುದು ಅವನಿಗೆ ಸಾಧ್ಯವೇ ಇಲ್ಲ. ಹಳದಿ ಮತ್ತು ಕಂದು ಬಣ್ಣ ಕಂಡರೆ ಆಗುವುದಿಲ್ಲ ಎಂಬುದೊಂದು ತೊಡಕು. ಹುಂಜದ ಮೈಮೇಲೆ ಆ ಬಣ್ಣಗಳಿದ್ದರೆ ಎತ್ತಿಕೊಳ್ಳುವ ಕೆಲಸ ಮಂದಣ್ಣನದು.

ರಾತ್ರಿಯ ಹೊತ್ತಿಗೆ ಮಹಾದೇವ ಅವರದೇ ‘ಕುಸುಮಬಾಲೆ’ಯ ಜೋತಮ್ಮಗಳು ಬೇಕು. ಊರು ಮಲಗಿದ ಮೇಲೆ ಒಂದೆಡೆ ಸೇರಿ, ಯಾವ ಮನೆಯಲ್ಲಿ ಏನು ನಡೆಯಿತು ಎಂದು ಮಾತನಾಡಿಕೊಳ್ಳುವ ದೀಪಗಳು ಅವು. ಹುಂಜ ಯಾರ ಮನೆಯಲ್ಲಿದೆ ಎಂದು ಅವಕ್ಕೆ ಗೊತ್ತಿಲ್ಲದೆ ಹೋದರೆ ಇನ್ನಾರಿಗೆ ಗೊತ್ತಿರಬೇಕು?

ಬಿಟ್ಟವರ ಬಗ್ಗೆ ಎರಡು ಮಾತು. ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪನೆಂದರೆ ನನಗೆ ಪ್ರಾಣ. ಆದರೆ ಎಲ್ಲರೂ ತನ್ನನ್ನೇ ಬೇಟೆಯಾಡುತ್ತಿದ್ದಾರೆ ಎಂಬ ದಿಗಿಲಿನಲ್ಲಿರುವವನನ್ನು ಹುಡುಕಾಟಕ್ಕೆ ಕರೆಯುವುದು ಕ್ರೌರ್ಯ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯ ಚಿಕ್ಕಪ್ಪನನ್ನು ಕರೆದರೆ ಹುಂಜ ಸಂಜೆಯೊಳಗೆ ಸಿಗುತ್ತದೆ, ಆ ಮಾತು ಸತ್ಯ. ಆದರೆ ಹೇಗೆ ಸಿಕ್ಕಿತು ಎಂದು ಆಮೇಲೆ ಯಾರೂ ಬಾಯಿ ಬಿಡುವಂತಿಲ್ಲ. ಅಂಥ ತಂಡ ನನಗೆ ಬೇಡ. ಅದೇ ಕಾದಂಬರಿಯಲ್ಲಿ ಕಾಫಿ ತಂದುಕೊಡುವ ವಿನ್ಸೆಂಟ್ ಬಂದರೆ ಸಂತೋಷ. ಕಡಿಮೆ ಮಾತನಾಡಿ ಹೆಚ್ಚು ಗಮನಿಸುವವನು ಅವನು. ನಮ್ಮಲ್ಲಿ ಯಾರ ಕೈಗೆ ರಕ್ತ ಹತ್ತಿದರೂ ಅವನ ಕಣ್ಣಿಗೆ ಮೊದಲು ಬೀಳುತ್ತದೆ.

ಪಟ್ಟಿ ಇಷ್ಟೇ ಆಗಿದ್ದರೆ ಬರೆಯುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ.

ಮೊದಮೊದಲು ಈ ತಂಡದಲ್ಲಿ ಇನ್ನೊಂದು ಹೆಸರು ಇತ್ತು. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ. ಪುಸ್ತಕ 1970ರದು, ಸ್ವಲ್ಪ ಹಿಂದಿನದೇ, ಆದರೂ ಸೇರಿಸಿಕೊಂಡಿದ್ದೆ. ಗಂಡನಿಗೆ ಶಾನುಭೋಗಿಕೆ ಉಂಟು, ಲೆಕ್ಕ ಬರೆಯುವ ಯೋಗ್ಯತೆ ಇಲ್ಲ. ಆ ಲೆಕ್ಕವನ್ನೆಲ್ಲ ಕೂತು ಬರೆದು ಸಂಸಾರ ಎಳೆದವಳು ನಂಜಮ್ಮ. “ನಮ್ಮ ತಂಡದ ಲೆಕ್ಕಪತ್ರ ನಂಜಮ್ಮನಿಗೆ” ಎಂದು ನಾನು ಕೂಟದಲ್ಲಿ ಬಹಳ ಹೆಮ್ಮೆಯಿಂದ ಹೇಳಿದೆ. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಕೂಟಕ್ಕೆ ಒಬ್ಬ ಹಿರಿಯ ಹೆಂಗಸು ಬರುತ್ತಾರೆ. ವರ್ಷಗಟ್ಟಲೆ ಬಂದಿದ್ದಾರೆ, ಮಾತನಾಡಿದ್ದು ಹತ್ತು ಸಲವೂ ಇರಲಾರದು. ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಾ, ನನ್ನನ್ನು ನೋಡದೆಯೇ ಕೇಳಿದರು: “ಅಲ್ಲಿಗೆ ಬಂದರೂ ಅವಳು ಲೆಕ್ಕವನ್ನೇ ಬರೆಯಬೇಕೇನಮ್ಮ?”

ಯಾರೂ ಮಾತನಾಡಲಿಲ್ಲ. ನನಗಂತೂ ತಲೆ ಎತ್ತಲು ಆಗಲಿಲ್ಲ. ಪ್ಲೇಗಿಗೆ ಮಗನನ್ನೂ ಮಗಳನ್ನೂ ಕಳೆದುಕೊಂಡು, ಕೊನೆಗೆ ತಾನೂ ಪ್ಲೇಗಿಗೇ ತುತ್ತಾದ ಹೆಂಗಸನ್ನು ಎಬ್ಬಿಸಿ, ಕೈಗೆ ಮತ್ತೆ ಲೇಖನಿ ಕೊಡಲು ಹೊರಟಿದ್ದೆ. ಹರ್ಮಾಯಿನಿಯನ್ನು ಪೆಟ್ಟಿಗೆಗೆ ತುಂಬುವವರ ಮೇಲೆ ಸಿಟ್ಟಾಗುವ ನಾನು ನಂಜಮ್ಮನಿಗೆ ಮಾಡಿದ್ದೂ ಅದನ್ನೇ.

ಅಂದಿನಿಂದ ನನ್ನನ್ನು ಯಾರಾದರೂ ಬೇರೆ ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದೇನೆ. ಯಾರನ್ನು ಕರೆಯುತ್ತೀರಿ ಎಂದಲ್ಲ. ಕರೆಯಲು ಮನಸ್ಸಿದ್ದರೂ ಯಾರನ್ನು ಕರೆಯಲಾರಿರಿ ಎಂದು. ಕೇಳಿದರೆ ಹೇಳುವುದು ಬಹಳ ಇದೆ. ಪಾತ್ರಗಳು ಪುಸ್ತಕದಲ್ಲಿ ನಮ್ಮ ಕರೆಗಾಗಿ ಕಾದು ಕೂತಿಲ್ಲ. ಪ್ರತಿಯೊಬ್ಬರೂ ಯಾವುದೋ ಒಂದರ ನಡುವೆ ಇದ್ದಾರೆ. ಎಬ್ಬಿಸಿ ಕರೆತಂದರೆ ಅಲ್ಲಿ ಏನೋ ಒಂದು ಕೈತಪ್ಪಿ ಬೀಳುತ್ತದೆ.

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯ ಸಲ್ಮಾಳನ್ನೇ ನೋಡಿ. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಆ ಹೆಸರಿನ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಿತು. ಕನ್ನಡದ ಪುಸ್ತಕವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದಾದ ಮೇಲೆ ನನ್ನ ತಂಡದಲ್ಲಿ ಮೆಹರುನ್ ಯಾಕಿಲ್ಲ, ಸಲ್ಮಾ ಯಾಕಿಲ್ಲ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕಥೆಯಲ್ಲಿ ಮೆಹರುನ್‌ಳನ್ನು ಗಂಡ ಕೈಬಿಟ್ಟಿದ್ದಾನೆ, ತವರಿನವರು ಮರಳಿ ಅವನ ಮನೆಗೇ ತಂದು ಬಿಟ್ಟಿದ್ದಾರೆ. ರಾತ್ರಿ ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಹಸುಗೂಸನ್ನು ಎತ್ತಿಕೊಂಡು ಓಡಿಬಂದು ತಾಯಿಯನ್ನು ತಡೆದು ಬೇಡಿಕೊಳ್ಳುವವಳು ಹಿರಿಯ ಮಗಳು ಸಲ್ಮಾ. ಜಗತ್ತಿನ ಯಾವ ತಂಡಕ್ಕಾದರೂ ಅಂಥ ಹುಡುಗಿ ಬೇಕು. ಆದರೆ ಅವಳನ್ನು ಅಲ್ಲಿಂದ ಒಂದು ಕ್ಷಣ ಈಚೆಗೆ ಕರೆಯುವ ಧೈರ್ಯ ಯಾರಿಗಿದೆ? ಹುಂಜಕ್ಕಾಗಿಯೂ ಕರೆಯಲಾರೆ, ಇನ್ಯಾವುದಕ್ಕಾಗಿಯೂ ಕರೆಯಲಾರೆ. ಅವಳು ಅಲ್ಲೇ ಇರಬೇಕು. ನಾನು ಆ ಕಥೆಯನ್ನು ಎಷ್ಟು ಸಲ ತೆರೆದರೂ ಅವಳು ಹೊತ್ತಿಗೆ ಸರಿಯಾಗಿ ಎಚ್ಚರವಾಗಬೇಕು.

ಹಾಗಾಗಿ ಈಗ ನನ್ನ ತಂಡ ಕಟ್ಟುವ ಕ್ರಮವೇ ಬೇರೆಯಾಗಿದೆ. ಮೊದಲು ಅವರ ಪುಸ್ತಕದ ಕೊನೆಯ ಪುಟ ನೋಡುತ್ತೇನೆ. ಓತಿ ಕಣಿವೆಯಾಚೆ ತೇಲಿಹೋಗಿದೆ, ಮಂದಣ್ಣನಿಗೆ ಈಗ ಬಿಡುವಿದೆ. ರಮೋಟ್ಸ್ವೆ ಅವರ ಕಚೇರಿಯ ಬಾಗಿಲು ತೆರೆದೇ ಇರುತ್ತದೆ, ಒಂದು ದೂರು ಬಂದರೆ ಅದು ಅವರ ಕೆಲಸವೇ. ಕ್ರಿಸ್ಟೋಫರ್ ಒಬ್ಬನೇ ಲಂಡನ್ನಿಗೆ ಹೋಗಿ ಬಂದವನು, ಇನ್ನೊಂದು ಪ್ರಯಾಣಕ್ಕೆ ಅಂಜುವುದಿಲ್ಲ. ವಿನ್ಸೆಂಟ್ ವಿಷಯದಲ್ಲಿ ನನಗೆ ಇನ್ನೂ ಅನುಮಾನ. ಅವನ ಪುಸ್ತಕ ಮುಗಿಯುವಾಗ ಎದುರಿಗೆ ಒಬ್ಬ ಗಿರಾಕಿ ರಕ್ತ ಹತ್ತಿದ ಕೈಯಲ್ಲಿ ಕೂತಿದ್ದಾನೆ. ಅವನು ಎದ್ದು ಹೋಗುವ ತನಕ ವಿನ್ಸೆಂಟ್ ಬರಲಾರ. ಬಂದಾಗ ಬರಲಿ.

ಆ ಹಿರಿಯರಿಗೆ ಹೋದ ತಿಂಗಳು ಈ ಹೊಸ ಪಟ್ಟಿ ಓದಿ ತೋರಿಸಿದೆ. ಕೇಳಿಸಿಕೊಂಡು, “ಸಾಕವ್ವನನ್ನು ಕೇಳಿದಿರಾ?” ಎಂದರು. ಕೇಳಿರಲಿಲ್ಲ. ಆದ್ದರಿಂದ ನಾವು ಮೊದಲು ಹುಡುಕಲು ಹೋಗುವುದಿಲ್ಲ. ಅವಳ ಜಗಲಿಯ ಮುಂದೆ ನೆಲದ ಮೇಲೆ ಸಾಲಾಗಿ ಕೂರುತ್ತೇವೆ. ಹುಂಜ ಹೇಗಿತ್ತು, ಎಷ್ಟು ಎತ್ತರ, ಕೂಗಿದರೆ ದನಿ ಹೇಗೆ, ಕೊನೆಯ ಸಲ ಅದನ್ನು ಕಂಡದ್ದು ಯಾವಾಗ ಎಂದು ರಮೋಟ್ಸ್ವೆ ಮೆಲ್ಲನೆ ಕೇಳುತ್ತಾರೆ. ಕ್ರಿಸ್ಟೋಫರ್ ಬರೆದುಕೊಳ್ಳುತ್ತಾನೆ. ಸಾಕವ್ವ ಹೇಳಲು ಶುರು ಮಾಡಿದರೆ ಹುಂಜದಿಂದ ಮಕ್ಕಳಿಗೆ, ಮಕ್ಕಳಿಂದ ಮೊಮ್ಮಕ್ಕಳಿಗೆ, ಅಲ್ಲಿಂದ ಮತ್ತೆ ಹುಂಜಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗಬಹುದು. ಮುಳುಗಲಿ. ಜೋತಮ್ಮಗಳು ಬರುವುದು ಹೇಗೂ ಆಮೇಲೆಯೇ.