ಅಷ್ಟು ಚೆನ್ನಾಗಿದ್ರೆ ಅದ್ಯಾಕ್ರೀ ಮರೆತುಹೋಯ್ತು?

ಶಾರ್ವೆಂಕಾ, ಹೆನ್ಸೆಲ್ಟ್, ಲಿಟಾಲ್ಫ್, ಮೊಶ್ಕೋವ್ಸ್ಕಿ. ಎಲ್ಲರೂ 19ನೇ ಶತಮಾನದ ಯುರೋಪಿನ ಸಂಯೋಜಕರು. ಇವರಲ್ಲಿ ಯಾರದಾದರೂ ಪಿಯಾನೊ ಕನ್ಸರ್ಟೊ, ಅಂದರೆ ಒಂದು ಪಿಯಾನೊ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ, ಹಾಕಿದರೆ ಎದುರಿಗಿದ್ದವರು ಐದು ನಿಮಿಷ ತಲೆದೂಗುತ್ತಾರೆ. "ಪರವಾಗಿಲ್ವೇ, ಚೆನ್ನಾಗಿದೆ" ಅನ್ನುತ್ತಾರೆ. ಆರನೇ ನಿಮಿಷಕ್ಕೆ ಮೇಲಿನ ಪ್ರಶ್ನೆ ಬರುತ್ತದೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಕೇಳಿದವರು ಓದಿಕೊಳ್ಳಲಿ.

"ಮರೆತುಹೋಯ್ತು" ಅನ್ನುವ ಮಾತೇ ನನಗೆ ಆಗಿಬರುವುದಿಲ್ಲ. ಬಸ್ಸಿನಲ್ಲಿ ಛತ್ರಿ ಮರೆತುಹೋಯ್ತು ಅಂದ ಹಾಗೆ, ಅಲ್ಲಿ ಮರೆತವರು ಯಾರೂ ಇಲ್ಲ, ಅದು ತಾನಾಗೇ ಹೋಯಿತು. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಲ ಅನ್ನುವುದು ಜರಡಿ, ಗಟ್ಟಿಯಾದದ್ದು ಮಾತ್ರ ಉಳಿಯುತ್ತೆ ಅಂತ ಪಾಠ ಹೇಳುತ್ತಾರೆ. ಜರಡಿ ಹಿಡಿದು ಗೊತ್ತಿಲ್ಲದವರ ಮಾತು ಇದು. ಮೇಲೆ ಉಳಿಯುವುದು ತೌಡು, ರೊಟ್ಟಿ ತಟ್ಟುವುದು ಕೆಳಗೆ ಬಿದ್ದ ಹಿಟ್ಟಿನಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ರಷ್ಯನ್ ಸಂಯೋಜಕ ಆಂಟನ್ ರೂಬಿನ್‌ಸ್ಟೈನ್ 1864ರಲ್ಲಿ ಬರೆದ ನಾಲ್ಕನೇ ಕನ್ಸರ್ಟೊ, ಡಿ ಮೈನರ್, ಓಪಸ್ 70. 1937ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಪಿಯಾನೊ ವಾದಕ ಯೋಸೆಫ್ ಹಾಫ್‌ಮನ್ ತನ್ನ ಅಮೆರಿಕನ್ ರಂಗಪ್ರವೇಶದ ಐವತ್ತು ವರ್ಷದ ಸಂಭ್ರಮಕ್ಕೆ ನುಡಿಸಿದ್ದು ಇದನ್ನೇ. ಯಾರೂ ಮರೆತ ಕೃತಿ ಆಗಿರಲಿಲ್ಲ. ಆದರೆ ಹಾಫ್‌ಮನ್ ತಲೆಮಾರಿನವರು ವೇದಿಕೆ ಇಳಿದಾಗ ಅದೂ ಅವರ ಹಿಂದೆಯೇ ಇಳಿಯಿತು. ಮುಂದಿನವರಿಗೆ ಕಲಿಸುವವರಿರಲಿಲ್ಲ. ಇದನ್ನು ಕಾಲದ ತೀರ್ಪು ಅಂತ ನೀವು ಕರೆದರೆ, ಪಾಠಾಂತರ ನಿಂತುಹೋಯಿತು ಅಂತ ನಾನು ಕರೆಯುತ್ತೇನೆ.

"ಆರ್ಕೆಸ್ಟ್ರಾ ಬರವಣಿಗೆ ದುರ್ಬಲ, ಅದಕ್ಕೇ ಬಿಟ್ಟರು" ಅನ್ನುವ ವಿದ್ವಾಂಸರೂ ಉಂಟು. ಹಾಗಾದರೆ ಶೋಪ್ಯಾನ್ ಅವರ ಎರಡೂ ಕನ್ಸರ್ಟೊಗಳನ್ನು ಯಾವಾಗಲೋ ಬಿಡಬೇಕಿತ್ತಲ್ಲ? ಅವುಗಳ ಆರ್ಕೆಸ್ಟ್ರಾ ಬಗ್ಗೆ ಬೈಯದವರಿಲ್ಲ, ಅವುಗಳನ್ನು ನುಡಿಸದವರೂ ಇಲ್ಲ.

ಹಾಂ, ಮರೆಯಲು ಯೋಗ್ಯವಾದವೂ ಇವೆ. ಆನ್ರಿ ಹೆರ್ಟ್ಸ್ ಅವರ ಕನ್ಸರ್ಟೊಗಳನ್ನು ಸಾಲಾಗಿ ಕೇಳಿ ನೋಡಿ. ಬಲಗೈ ಸ್ಕೇಲ್ ಹಿಡಿದು ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ಮತ್ತೆ ಮೇಲೆ ಹೋಗುತ್ತೆ. ಎರಡನೆಯದು ಮುಗಿಯುವಷ್ಟರಲ್ಲಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ಹೆರ್ಟ್ಸ್ ಹೆಸರಿನಲ್ಲಿ ಹೆನ್ಸೆಲ್ಟ್‌ಗೆ ಶಿಕ್ಷೆ ಬೇಡ.

ನಿಜವಾದ ಕಾರಣ ಬಹಳ ಸಪ್ಪೆ. ಕಾಗದ.

19ನೇ ಶತಮಾನದ ಮೊದಲರ್ಧದಲ್ಲಿ ಪ್ರಕಾಶಕ ಕನ್ಸರ್ಟೊವನ್ನು ಅಚ್ಚು ಹಾಕುತ್ತಿದ್ದದ್ದು ಮುಖ್ಯವಾಗಿ ಪಿಯಾನೊ ನುಡಿಸುವವರಿಗೆ. ಪಿಯಾನೊ ಭಾಗ, ಜೊತೆಗೆ ಒಂದೊಂದು ವಾದ್ಯಕ್ಕೆ ಒಂದೊಂದು ಪಾರ್ಟ್. ಎಲ್ಲ ವಾದ್ಯಗಳೂ ಒಂದೇ ಪುಟದಲ್ಲಿ ಕಾಣುವ ಪೂರ್ಣ ಸ್ಕೋರ್ ಎಷ್ಟೋ ಕೃತಿಗಳಿಗೆ ಅಚ್ಚೇ ಆಗಲಿಲ್ಲ, ಮೊದಲ ವಯಲಿನ್ ಪಾರ್ಟ್ ನೋಡಿಕೊಂಡೇ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಮನೆಗಳಲ್ಲಿ ಪಿಯಾನೊ ಭಾಗ ಉಳಿಯಿತು. ಆರ್ಕೆಸ್ಟ್ರಾ ಪಾರ್ಟ್‌ಗಳ ಕಟ್ಟು ಯಾವುದೋ ಗ್ರಂಥಾಲಯದ ಕಪಾಟಿಗೆ ಹೋಯಿತು, ಒಂದೆರಡು ಪಾರ್ಟ್ ಕಡಿಮೆಯಾಗಿ.

ಈಗ ಅದನ್ನು ಹೊಸದಾಗಿ ರೆಕಾರ್ಡ್ ಮಾಡಬೇಕು ಅಂದುಕೊಳ್ಳಿ. ಮೊದಲ ಕೆಲಸ, ಹಳೆಯ ಪಾರ್ಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹೊಡೆದು ಸ್ಕೋರ್ ಕಟ್ಟುವುದು. ಮೊದಲ ಎಡವು ಬಾರ್‌ಗಳ ಲೆಕ್ಕದಲ್ಲಿ. ಬಾರ್ ಅಂದರೆ ನಮ್ಮ ಆವರ್ತದ ಹಾಗೆ ತಾಳದ ಒಂದು ಅಳತೆ. ಕ್ಲಾರಿನೆಟ್ ಪಾರ್ಟಿನಲ್ಲಿ 47 ಬಾರ್ ವಿರಾಮ, ಅದೇ ಜಾಗದಲ್ಲಿ ಬಸೂನ್‌ಗೆ 48. ಯಾರದು ಸರಿ? ಪಿಯಾನೊ ಭಾಗದ ಜೊತೆ ಒಂದೊಂದೇ ಬಾರ್ ಎಣಿಸದೆ ಗೊತ್ತಾಗುವುದಿಲ್ಲ. ಮುಂದಿನದು ಹಾರ್ನ್. ಹಳೆಯ ಹಾರ್ನ್ ಪಾರ್ಟಿನಲ್ಲಿ ಶ್ರುತಿ "ಬಿ ಫ್ಲ್ಯಾಟ್‌ನಲ್ಲಿ" ಅಂತಷ್ಟೇ ಬರೆದಿದ್ದರೆ ಅದು ಮೇಲಿನ ಬಿ ಫ್ಲ್ಯಾಟೋ ಕೆಳಗಿನದೋ ತಿಳಿಯದು. ತಪ್ಪು ಹಿಡಿದರೆ ಪೂರಾ ಒಂದು ಸಪ್ತಕ ಆಚೀಚೆ. ಆಮೇಲೆ ಸ್ವರವನ್ನು ತುಸು ಏರಿಸುವ ಇಳಿಸುವ ಗುರುತುಗಳು, ಶಾರ್ಪ್ ಫ್ಲ್ಯಾಟ್‌ಗಳು. ವಯೋಲಾದಲ್ಲಿ ಅವನ್ನು ರದ್ದು ಮಾಡುವ ನ್ಯಾಚುರಲ್ ಇದೆ, ಎರಡನೇ ವಯಲಿನ್‌ನಲ್ಲಿ ಇಲ್ಲ. ಎರಡನ್ನೂ ಹಾಗೇ ಬಿಟ್ಟರೆ ಕೇಳುಗರು "ನೋಡಿ, ದುರ್ಬಲ ಬರವಣಿಗೆ" ಅನ್ನುತ್ತಾರೆ. ಬೈಗುಳ ಮಾತ್ರ ಸತ್ತು ನೂರೈವತ್ತು ವರ್ಷವಾದ ಸಂಯೋಜಕನಿಗೆ.

ಇನ್ನೊಂದು ತಮಾಷೆ. ಆ ಕಾಲದ ವಯಲಿನ್ ಪಾರ್ಟ್‌ಗಳಲ್ಲಿ ಮಧ್ಯೆ ಮಧ್ಯೆ "ಸೋಲೊ" ಅಂತ ಅಚ್ಚಾಗಿರುತ್ತದೆ. ಗೊತ್ತಿಲ್ಲದ ವಾದಕ ನೆಟ್ಟಗೆ ಕೂತು ಜೋರಾಗಿ ನುಡಿಸಲು ತಯಾರಾಗುತ್ತಾನೆ. ಅಲ್ಲಿ ಅದರ ಅರ್ಥ ಪೂರ್ತಿ ಉಲ್ಟಾ. ಈಗ ಪಿಯಾನೊದವನ ಸರದಿ, ನೀನು ಮೆತ್ತಗೆ ನುಡಿಸು ಅಂತ.

ಸ್ಕೋರ್ ಸರಿಯಾದ ಮೇಲೆ ಹೊಸ ಪಾರ್ಟ್ ತೆಗೆಯಬೇಕು. ಮೊದಲ ವಯಲಿನ್ 12, ಎರಡನೇ ವಯಲಿನ್ 10, ವಯೋಲಾ 8, ಚೆಲ್ಲೊ 6, ಡಬಲ್ ಬಾಸ್ 4, ಇಷ್ಟು ತಂತಿವಾದ್ಯಗಳ ಮಧ್ಯಮ ಆರ್ಕೆಸ್ಟ್ರಾ ಅಂದರೆ ಇಬ್ಬರಿಗೊಂದು ಸ್ಟ್ಯಾಂಡ್‌ನಂತೆ 20 ಪ್ರತಿ. ಕೊಳಲು, ಓಬೊ, ಕ್ಲಾರಿನೆಟ್, ಬಸೂನ್, ಟ್ರಂಪೆಟ್ ಎರಡೆರಡು, ನಾಲ್ಕು ಹಾರ್ನ್, ಮೂರು ಟ್ರಾಂಬೋನ್, ಟಿಂಪನಿ ಸೇರಿ ಇನ್ನೂ 18. ಒಟ್ಟು 38 ಪುಸ್ತಕ. ಪ್ರತಿಯೊಂದರಲ್ಲೂ ಪುಟ ತಿರುಗಿಸುವ ಜಾಗದಲ್ಲಿ ವಿರಾಮ ಬರಬೇಕು, ಬಾರ್ ಸಂಖ್ಯೆ ಇರಬೇಕು. ಸಂಖ್ಯೆ ಇಲ್ಲದಿದ್ದರೆ ನಿರ್ದೇಶಕರು "ಎರಡನೇ ಟುಟ್ಟಿ (ಆರ್ಕೆಸ್ಟ್ರಾ ಎಲ್ಲ ಸೇರಿ ನುಡಿಸುವ ಭಾಗ) ಆದಮೇಲೆ ಏಳನೇ ಬಾರ್" ಅಂತ ಕೂಗಬೇಕು, ಅರವತ್ತು ಜನ ತಲೆ ಬಗ್ಗಿಸಿ ಎಣಿಸಬೇಕು.

ಆ ಎಣಿಕೆಗೆ ಸಮಯ ಎಲ್ಲಿದೆ? ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ಗಂಟೆಯ ಒಂದು ರೆಕಾರ್ಡಿಂಗ್ ಸೆಷನ್‌ಗೆ ಸುಮಾರು 20 ನಿಮಿಷದ ಸಂಗೀತ ಸಿದ್ಧವಾಗಬೇಕು. 70 ನಿಮಿಷದ ಸಿ.ಡಿ.ಗೆ ನಾಲ್ಕು ಸೆಷನ್, ಅಂದರೆ ಎರಡು ದಿನ. ಆರ್ಕೆಸ್ಟ್ರಾದ ಒಬ್ಬರೂ ಈ ಕೃತಿಯನ್ನು ಹಿಂದೆ ಕೇಳಿರುವುದಿಲ್ಲ. ಗ್ರೀಗ್ ಕನ್ಸರ್ಟೊ ಆದರೆ ನಿದ್ದೆಗಣ್ಣಲ್ಲೂ ನುಡಿಸುತ್ತಾರೆ. ಇಲ್ಲಿ ಸೋಮವಾರ ಮೊದಲ ಬಾರಿ ಕಣ್ಣಿಗೆ ಬಿದ್ದದ್ದು ಮಂಗಳವಾರ ಸಂಜೆಗೆ ಶಾಶ್ವತ. ಹಾಗಾಗಿ ಮೊದಲ ರೆಕಾರ್ಡಿಂಗ್‌ಗಳಲ್ಲಿ ಆರ್ಕೆಸ್ಟ್ರಾ ಸ್ವಲ್ಪ ಜಾಗರೂಕವಾಗಿ, ಬಿಗಿಯಾಗಿ ಕೇಳಿಸುತ್ತದೆ. ಅದು ಕೃತಿಯ ಗುಣ ಅಲ್ಲ. ಒಂದೇ ಒಂದು ರೆಕಾರ್ಡಿಂಗ್ ಕೇಳಿ ತೀರ್ಪು ಕೊಡಬೇಡಿ ಅಂತ ಗೋಗರೆಯುವುದು ಇದಕ್ಕೇ.

ಇಷ್ಟಾದರೂ ಕೆಲಸ ನಡೆದಿದೆ. 1960–70ರ ದಶಕದಲ್ಲಿ ಪಿಯಾನೊ ವಾದಕ ಮೈಕೆಲ್ ಪಾಂಟಿ ವಾಕ್ಸ್ ರೆಕಾರ್ಡ್ ಕಂಪನಿಗೆ ಕಡಿಮೆ ಖರ್ಚಿನಲ್ಲಿ ರಾಶಿ ರಾಶಿ ನುಡಿಸಿದರು. ಬೆರಳುಗಳು ಅದ್ಭುತ, ಆರ್ಕೆಸ್ಟ್ರಾ ದೇವರಿಗೇ ಪ್ರೀತಿ. 1991ರಲ್ಲಿ ಬ್ರಿಟನ್ನಿನ ರೆಕಾರ್ಡ್ ಕಂಪನಿ ಹೈಪೀರಿಯನ್ ರೊಮ್ಯಾಂಟಿಕ್ ಪಿಯಾನೊ ಕನ್ಸರ್ಟೊ ಮಾಲೆ ಶುರುಮಾಡಿತು. ಮೊದಲ ಸಂಪುಟ ಮೊಶ್ಕೋವ್ಸ್ಕಿ ಮತ್ತು ಪಾಡೆರೆವ್ಸ್ಕಿ, ಈಗ 80 ದಾಟಿದೆ. ಸ್ಟೀಫನ್ ಹಫ್ ನುಡಿಸಿದ, ಶಾರ್ವೆಂಕಾ ಅವರ ನಾಲ್ಕನೇ ಕನ್ಸರ್ಟೊ ಮತ್ತು ಸಾವರ್ ಅವರ ಮೊದಲನೇ ಕನ್ಸರ್ಟೊ ಇರುವ ಸಂಪುಟ 1996ರಲ್ಲಿ ಗ್ರಾಮೊಫೋನ್ ಪತ್ರಿಕೆಯ ವರ್ಷದ ರೆಕಾರ್ಡ್ ಆಯಿತು. ಎಲ್ಲಿಂದಾದರೂ ಶುರುಮಾಡಬೇಕು ಅಂದರೆ ಅಲ್ಲಿಂದ ಮಾಡಿ. ಮೊಶ್ಕೋವ್ಸ್ಕಿ 1874ರಲ್ಲಿ ಬರೆದ ಬಿ ಮೈನರ್ ಕನ್ಸರ್ಟೊ ಕಳೆದೇಹೋಯಿತು ಅಂದುಕೊಂಡಿದ್ದರು. ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಿಕ್ಕಿ, ಲುಡ್ಮಿಲ್ ಆಂಗೆಲೊವ್ ಕೈಯಲ್ಲಿ ಅದೇ ಮಾಲೆಗೆ ಸೇರಿತು. ಐವತ್ತು ನಿಮಿಷಕ್ಕೂ ಮೀರಿದ ಕೃತಿ. ಸ್ವಲ್ಪ ಕತ್ತರಿಸಿದ್ದರೆ ಒಳ್ಳೆಯದಿತ್ತು ಅಂತ ನನಗೂ ಅನ್ನಿಸುತ್ತದೆ, ಆದರೆ ಅದನ್ನು ಹೇಳಲಿಕ್ಕಾದರೂ ಮೊದಲು ಕೇಳಲು ಸಿಗಬೇಕಲ್ಲ.

"ಯಾಕೆ ಮರೆತುಹೋಯ್ತು" ಬಿಟ್ಟು ಜನ ಇನ್ನೊಂದು ಪ್ರಶ್ನೆ ಕೇಳಿದ್ದರೆ ಖುಷಿಯಾಗುತ್ತಿತ್ತು: ಇದಕ್ಕೆಲ್ಲ ದುಡ್ಡು ಯಾರು ಹಾಕುತ್ತಾರೆ?

ಹೈಪೀರಿಯನ್ ಕಟ್ಟಿದ ಟೆಡ್ ಪೆರಿ ಆರಂಭದಲ್ಲಿ ಮಿನಿಕ್ಯಾಬ್ ಓಡಿಸಿ ಬಂದ ಹಣ ಸುರಿದರು. ಅದೇ ಕಂಪನಿ 2005ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಫ್ರೆಂಚ್ ಸಂಯೋಜಕ ಲಾಲಾಂಡ್ ಅವರ ಹಳೆಯ ಕೃತಿಗಳನ್ನು ನುಡಿಸುವ ಹಾಗೆ ಸಿದ್ಧಪಡಿಸಿದ ವಿದ್ವಾಂಸ ಲಯನೆಲ್ ಸಾಕಿನ್ಸ್‌ಗೆ ಆ ಆವೃತ್ತಿಯ ಹಕ್ಕುಸ್ವಾಮ್ಯ ಇದೆ ಅಂತ ತೀರ್ಪಾಯಿತು. ವಕೀಲರ ಖರ್ಚಿಗೇ ಕಂಪನಿ ಹಣ್ಣುಗಾಯಿ ಆಗಿ ಹೊಸ ರೆಕಾರ್ಡಿಂಗ್‌ಗಳನ್ನು ಕಡಿಮೆ ಮಾಡಬೇಕಾಯಿತು. ಕಂಪನಿ ಬಗ್ಗೆ ಮರುಕ ಇದೆ, ಆದರೆ ಬಾರ್ ಎಣಿಸಿದವನ ಪಕ್ಷವೇ ನನ್ನದು.

ದುಡ್ಡು ಹಾಕಿದವರಲ್ಲಿ ಇನ್ನೊಬ್ಬರು ನಮ್ಮವರು. ಜಯಚಾಮರಾಜ ಒಡೆಯರ್. ದೇವಿಯ ಮೇಲೆ 94 ಕೃತಿ ರಚಿಸಿದ್ದು ಎಲ್ಲರಿಗೂ ಗೊತ್ತು. ಲಂಡನ್ನಿನಲ್ಲಿ ಕೈಖಾಲಿಯಾಗಿ, ಆರೋಗ್ಯ ಕೆಟ್ಟು ಕೂತಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಹೆಸರಿನಲ್ಲಿ ಸೊಸೈಟಿ ಸ್ಥಾಪಿಸಿ, ಅವರ ಕೃತಿಗಳನ್ನು ಅವರಿಂದಲೇ ಎಚ್‌ಎಂವಿಗೆ ರೆಕಾರ್ಡ್ ಮಾಡಿಸಿದ್ದು ಮಾತ್ರ ಮೈಸೂರಿನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 1947ರಲ್ಲಿ ಮೂರೂ ಪಿಯಾನೊ ಕನ್ಸರ್ಟೊಗಳು ಫಿಲ್‌ಹಾರ್ಮೊನಿಯಾ ಆರ್ಕೆಸ್ಟ್ರಾ ಜೊತೆ ಧ್ವನಿಮುದ್ರಣವಾದವು, ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸಾಯ್ ಡೊಬ್ರೊವೆನ್ ನಿರ್ದೇಶಕರು. ನುಡಿಸಿದವರಿಗೆ 67, ಹಣ ಕೊಟ್ಟವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮೂರನೇ ಕನ್ಸರ್ಟೊ, ಇ ಮೈನರ್, ಓಪಸ್ 60, ಮೈಸೂರು ಮಹಾರಾಜರಿಗೇ ಅರ್ಪಿತ. ಮೆಟ್ನರ್ ತೀರಿಕೊಂಡದ್ದು 1951ರಲ್ಲಿ. ನಾಲ್ಕು ವರ್ಷ ತಡವಾಗಿದ್ದರೆ ಆ ಕೈ ನಮಗೆ ಕೇಳಲು ಸಿಗುತ್ತಿರಲಿಲ್ಲ.

ಹೈಪೀರಿಯನ್ ಮಾಲೆಯ ಎರಡನೇ ಸಂಪುಟದಲ್ಲಿ ಇದೇ ಮೂರನೆಯದನ್ನು ಎರಡನೆಯದರ ಜೊತೆ ನಿಕೊಲಾಯ್ ಡೆಮಿಡೆಂಕೊ ನುಡಿಸಿದ್ದಾರೆ. ಮೊದಲು ಅದನ್ನು ಕೇಳಿ, ಆರ್ಕೆಸ್ಟ್ರಾದಲ್ಲಿ ಏನೇನಿದೆ ಅಂತ ಸ್ಪಷ್ಟವಾಗುತ್ತದೆ. ಆಮೇಲೆ 1947ರದ್ದು ಹಾಕಿ. ಚರಚರ ಸದ್ದು ಇರುತ್ತದೆ, ತಂತಿವಾದ್ಯಗಳು ಡಬ್ಬದೊಳಗಿನಿಂದ ಬಂದಂತೆ ಕೇಳುತ್ತವೆ, ಅದಕ್ಕೆ ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ತಟ್ಟೆಯ ಒಂದು ಬದಿಗೆ ಹೆಚ್ಚೆಂದರೆ ನಾಲ್ಕೂವರೆ ನಿಮಿಷ, ಹಾಗಾಗಿ ಸುಮಾರು 35 ನಿಮಿಷದ ಕೃತಿಗೆ ಕನಿಷ್ಠ ಎಂಟು ಬದಿ. ಪ್ರತಿ ಬದಿಯ ಕೊನೆಗೆ ಎಲ್ಲರೂ ನಿಂತು, ಹೊಸ ಮೇಣದ ತಟ್ಟೆ ಇಟ್ಟು, ಮತ್ತೆ ಅದೇ ವೇಗದಲ್ಲಿ ಶುರುಮಾಡಬೇಕಿತ್ತು. ಆ ಬೆಸುಗೆ ಎಲ್ಲೆಲ್ಲಿದೆ ಅಂತ ಹುಡುಕಿ ನೋಡಿ. ಸಿ.ಡಿ.ಗೆ ಇಳಿಸಿದವರು ಕೆಲಸ ಬಲ್ಲವರಾಗಿದ್ದರೆ ಸಿಗುವುದಿಲ್ಲ.